ಪದಚರ್ಚೆ: ಹೊರಗಿನಿಂದ ಬಂದು ಕಾಡಿನಲ್ಲಿ ನೆಲೆನಿಂತ ಹಕ್ಕಿ, ಪ್ರಾಣಿಗಳನ್ನು ಏನೆಂದು ಕರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಬರಹಮಾಲೆ ಬರೆಯುತ್ತಿದ್ದೇನೆ. ಒಂದು ನೆಲದ ಹಕ್ಕಿಯೋ ಪ್ರಾಣಿಯೋ ಮನುಷ್ಯರ ಕೈಯಿಂದ ಇನ್ನೊಂದು ನೆಲ ಸೇರಿ, ಅಲ್ಲಿ ಯಾರ ಆರೈಕೆಯೂ ಇಲ್ಲದೆ ಮರಿ ಮಾಡಿಕೊಂಡು ತಲೆಮಾರುಗಟ್ಟಲೆ ಉಳಿದುಬಿಡುತ್ತದಲ್ಲ, ಅದೇ ಅದರ ವಸ್ತು. ಇಂಗ್ಲಿಷಿನವರು ಇದಕ್ಕೆ ಸಂದರ್ಭ ನೋಡಿಕೊಂಡು ಇಂಟ್ರಡ್ಯೂಸ್ಡ್, ನ್ಯಾಚುರಲೈಸ್ಡ್, ಫೆರಲ್, ಇನ್ವೇಸಿವ್ ಎಂದು ಬೇರೆಬೇರೆ ಮಾತು ಬಳಸುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ ಮಾತು: ‘ವಿದೇಶಿ ಆಕ್ರಮಣಕಾರಿ ಪ್ರಭೇದ’. ಮೂರು ಪದಗಳಲ್ಲಿ ಮೊದಲೆರಡೂ ಮಕ್ಕಳನ್ನು ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅನಿಸಿಕೆ. ಹೇಗೆಂದು ಬಿಡಿಸಿ ಹೇಳುತ್ತೇನೆ, ಬದಲಿಗೆ ಏನು ಬಳಸಬಹುದೆಂದು ತಾವು ಹೇಳಬೇಕು.

ಮೊದಲು ‘ವಿದೇಶಿ’. ಲಂಡನ್ನಿನ ಪಾರ್ಕುಗಳಲ್ಲಿ ಈಗ ಹಸಿರು ಗಿಳಿಗಳ ಹಿಂಡೇ ಇದೆ. ಅಲ್ಲಿರುವ ಕನ್ನಡಿಗರು ಮೊದಲ ಸಲ ಕಂಡಾಗ ಕಣ್ಣುಜ್ಜಿಕೊಂಡು ನೋಡುತ್ತಾರೆ, ಏಕೆಂದರೆ ಅದು ನಮ್ಮ ಸೀಬೆಮರಕ್ಕೂ ಜೋಳದ ತೆನೆಗೂ ಎರಗುವ ಅದೇ ಗಿಳಿ. ಗಂಡಿಗೆ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಪಟ್ಟಿ, ಉದ್ದ ಬಾಲ, ಹಾರುವಾಗ ಅದೇ ಕಿರುಚಾಟ. ಪಂಜರದ ಹಕ್ಕಿಯಾಗಿ ಹೋದದ್ದು, ಕೆಲವು ತಪ್ಪಿಸಿಕೊಂಡು, ಕೆಲವನ್ನು ಜನ ತಾವಾಗಿಯೇ ಬಿಟ್ಟು, 1969ರಿಂದ ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಬಯಲಿನಲ್ಲೇ ಮರಿ ಮಾಡುತ್ತ ಬಂದಿದೆ. ರಾಕ್ ಸಂಗೀತದ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಒಂದು ಜೋಡಿಯನ್ನು ಹಾರಿಬಿಟ್ಟದ್ದರಿಂದಲೇ ಇಷ್ಟೆಲ್ಲ ಆಯಿತು ಎಂಬ ಕಥೆ ಅಲ್ಲಿ ಬಹಳ ಪ್ರಚಾರದಲ್ಲಿದೆ. ಆದರೆ ಹಳೆಯ ದಾಖಲೆಗಳನ್ನು ನಕ್ಷೆಗೆ ಹಾಕಿ ನೋಡಿದವರಿಗೆ ಅದಕ್ಕೆ ಆಧಾರ ಸಿಗಲಿಲ್ಲ. ಯೂರೋಪಿನ ಈ ಗಿಳಿಗಳ ಡಿಎನ್‌ಎ ಪರೀಕ್ಷಿಸಿದಾಗ ಬಹುಪಾಲಿನ ಮೂಲ ನಮ್ಮ ಉಪಖಂಡದ ಉತ್ತರ ಭಾಗ ಎಂದು ತಿಳಿಯಿತು. ಚಳಿ ಕಂಡ ವಂಶ ಅದು, ಲಂಡನ್ನಿನ ಚಳಿಗಾಲವನ್ನೂ ತಡೆದುಕೊಂಡಿತು.

ಈಗ ಇದನ್ನು ಕನ್ನಡದಲ್ಲಿ ‘ವಿದೇಶಿ ಗಿಳಿ’ ಎಂದು ಬರೆದು ನೋಡಿ. ಹಾವೇರಿಯ ಹುಡುಗಿಯೊಬ್ಬಳು ಓದಿದರೆ ಅವಳ ಕಣ್ಣಿಗೆ ಬರುವುದು ಸಾಕುಪ್ರಾಣಿ ಅಂಗಡಿಯ ಬಣ್ಣಬಣ್ಣದ ಮಕಾವ್, ತನ್ನೂರಿನ ಹೊಲದ ಗಿಳಿಯಂತೂ ಅಲ್ಲ. ಕನ್ನಡದ ‘ವಿದೇಶಿ’ ಯಾವತ್ತೂ ನಮ್ಮ ಕಡೆಯಿಂದ ನೋಡಿದ್ದು. ಇಂಗ್ಲೆಂಡಿಗೆ ಹೊರಗಿನದು ಎನ್ನಲು ಆ ಪದಕ್ಕೆ ಬಾಯಿಲ್ಲ.

ಸಾಲದ್ದಕ್ಕೆ ಪತ್ರಿಕೆಗಳು ಈ ಪದವನ್ನು ಇನ್ನೊಂದು ಕೆಲಸಕ್ಕೆ ಕಾಯಂ ಮಾಡಿಬಿಟ್ಟಿವೆ. ಪ್ರತಿ ಚಳಿಗಾಲ ‘ಕೆರೆಯಲ್ಲಿ ವಿದೇಶಿ ಹಕ್ಕಿಗಳ ಕಲರವ’ ಎಂಬ ತಲೆಬರಹ ತಪ್ಪುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳ ಮಟ್ಟಿಗೆ ಅದು ಹೇಗೋ ನಡೆಯುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ವಿದೇಶಿ ಎಂದು ಬರೆಯುವುದನ್ನು ಕಂಡಾಗ ನಿಜವಾಗಿಯೂ ನೋವಾಗುತ್ತದೆ. ಅವು ಅಲ್ಲೇ ಹುಣಸೆಮರದ ಮೇಲೆ ಗೂಡು ಕಟ್ಟಿ, ಮರಿ ಹಾರಿಸಿ, ಮೇವಿದ್ದ ಕಡೆ ಚದುರಿ, ಮತ್ತೆ ಬರುವ ನಮ್ಮವೇ ಹಕ್ಕಿಗಳು.

‘ವಿದೇಶಿ’ಯ ಮೇಲೆ ಇದಕ್ಕಿಂತ ದೊಡ್ಡ ಆಕ್ಷೇಪವೂ ಇದೆ. ಅಂಡಮಾನ್ ದ್ವೀಪಗಳಲ್ಲಿ ಜಿಂಕೆ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ, 20ನೇ ಶತಮಾನದ ಆರಂಭದಲ್ಲಿ, ಭಾರತದ ಮುಖ್ಯ ಭೂಮಿಯಿಂದ ಚುಕ್ಕೆಜಿಂಕೆಗಳನ್ನು ಒಯ್ದು ಬಿಟ್ಟರು. ಅಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯೂ ಇಲ್ಲ. ಜಿಂಕೆ ದ್ವೀಪದಿಂದ ದ್ವೀಪಕ್ಕೆ ಹಬ್ಬಿತು, ಮೊಳೆತ ಸಸಿಯನ್ನೆಲ್ಲ ಮೇಯ್ದು ಕಾಡು ಮತ್ತೆ ಹುಟ್ಟದಂತೆ ಮಾಡುತ್ತಿದೆ. ಬಂಡೀಪುರದಲ್ಲಿ ಕಾಡಿನ ಜೀವನಾಡಿಯಾದ ಪ್ರಾಣಿಯೇ ಅಲ್ಲಿ ಕಾಡಿಗೆ ಮುಳುವು. ಇದು ವಿದೇಶಿಯೇ? ಅಲ್ಲ. ಆ ನೆಲದ್ದೇ? ಅದೂ ಅಲ್ಲ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದಾಗ ಇಂಥ ಜೀವಿಗಳ ವ್ಯಾಖ್ಯೆಯನ್ನು ಸೇರಿಸಿದರು, ಅದರಲ್ಲೂ ‘ಭಾರತಕ್ಕೆ ಸಹಜವಲ್ಲದ’ ಜೀವಿ ಎಂದೇ ಇದೆ. ಹಾಗಾಗಿ ಅಂಡಮಾನಿನ ಜಿಂಕೆ ಆ ವ್ಯಾಖ್ಯೆಯ ಹೊರಗೆ ಉಳಿಯಿತು. ಕಾಡಿಗೂ ಕಡಲಿಗೂ ದೇಶದ ಗಡಿ ಗೊತ್ತಿಲ್ಲ. ಕಾನೂನು ಎಡವಿದ ಕಡೆಯಲ್ಲೇ ನಮ್ಮ ಪದವೂ ಎಡವಬೇಕಾಗಿಲ್ಲ.

ಬದಲಿಗೆ ಏನು? ‘ಪರಕೀಯ’ ಎಂದ ಕೂಡಲೇ ಪಠ್ಯಪುಸ್ತಕದ ‘ಪರಕೀಯರ ಆಳ್ವಿಕೆ’ ನೆನಪಾಗುತ್ತದೆ. ‘ಪರದೇಶಿ’ ಎಂದರೆ ದಿಕ್ಕಿಲ್ಲದವನು ಎಂದಾಗಿಬಿಟ್ಟಿದೆ, ಬೈಗುಳವೂ ಹೌದು. ನಮ್ಮ ಜನ ತಾವಾಗಿಯೇ ಕಟ್ಟಿಕೊಂಡ ಸೊಗಸಾದ ಮಾತು ‘ಸೀಮೆ’: ಸೀಮೆಹಸು, ಸೀಮೆಬದನೆ, ಸೀಮೆಸುಣ್ಣ, ಸೀಮೆಎಣ್ಣೆ. ನನಗೆ ಬಹಳ ಇಷ್ಟವಾದ ಮಾತು, ಆದರೆ ಅದಕ್ಕೂ ‘ವಿದೇಶಿ’ಯ ಮಿತಿಯೇ ಇದೆ, ಲಂಡನ್ನಿನ ಗಿಳಿ, ಅಂಡಮಾನಿನ ಜಿಂಕೆ ಎರಡಕ್ಕೂ ಒದಗುವುದಿಲ್ಲ. ಸದ್ಯಕ್ಕೆ ನಾನು ‘ತವರುನೆಲ’ ಮತ್ತು ‘ಹೊರನೆಲ’ ಎಂಬ ಜೋಡಿಯನ್ನು ಇಟ್ಟುಕೊಂಡಿದ್ದೇನೆ. ಚುಕ್ಕೆಜಿಂಕೆಗೆ ಬಂಡೀಪುರ ತವರುನೆಲ, ಅಂಡಮಾನ್ ಹೊರನೆಲ. ಯಾವ ದೇಶದಲ್ಲಿ ನಿಂತು ಬರೆದರೂ ಅರ್ಥ ಕೆಡುವುದಿಲ್ಲ. ಹವಾಯಿಯ ಮೊಲೊಕೈ ದ್ವೀಪದಲ್ಲೂ ಇದೇ ಚುಕ್ಕೆಜಿಂಕೆಯಿದೆ, 1868ರಲ್ಲಿ ಅಲ್ಲಿನ ದೊರೆಗೆ ಉಡುಗೊರೆಯಾಗಿ ಹೋದದ್ದು. ಅದರ ಬಗ್ಗೆ ಬರೆಯುವಾಗಲೂ ಈ ಜೋಡಿ ಸಲೀಸಾಗಿ ನಡೆಯಿತು. ‘ಹೊರನೆಲದ ಹಕ್ಕಿ’ ಎಂದರೆ ತಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

‘ವಲಸೆ’ಯ ಬಗ್ಗೆ ಒಂದೆರಡು ಮಾತು. ಹೊರಗಿನಿಂದ ಬಂದು ಉಳಿದ ಹಕ್ಕಿಗೂ ‘ವಲಸೆ ಬಂದ ಹಕ್ಕಿ’ ಎಂದು ಬರೆಯುತ್ತಾರೆ. ಹಕ್ಕಿಶಾಸ್ತ್ರದಲ್ಲಿ ವಲಸೆ ಎಂದರೆ ಋತು ನೋಡಿ ಹೋಗಿ ಬರುವುದು, ಮಾಗಡಿಯ ಹೆಬ್ಬಾತಿನ ಹಾಗೆ. ಇನ್ನು ಯಾರೂ ಒಯ್ಯದೆ ತಾನೇ ಹಾರಿ ಹೊಸ ಖಂಡ ಸೇರಿ ಅಲ್ಲೇ ಉಳಿದದ್ದೂ ಉಂಟು. ನಮ್ಮ ದನಗಳ ಹಿಂದೆ ಸುತ್ತುವ ಗೋವಕ್ಕಿಯ ಆಫ್ರಿಕಾದ ಬಳಗ 19ನೇ ಶತಮಾನದ ಕೊನೆಯ ಹೊತ್ತಿಗೆ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕ ಸೇರಿತ್ತು, ಅಲ್ಲಿಂದ ಉತ್ತರ ಅಮೆರಿಕಕ್ಕೂ ಹೋಯಿತು. ಇದಕ್ಕೆ ‘ತಾನಾಗಿ ಬಂದ’ ಎಂಬ ಸರಳ ಮಾತೇ ಸಾಕು. ‘ವಲಸಿಗ’ ಎಂಬ ರೂಪವನ್ನಂತೂ ಪ್ರಾಣಿಗಳಿಗೆ ದಯವಿಟ್ಟು ಬಳಸಬೇಡಿ. ಅದು ಊರು ಬಿಟ್ಟು ಹೊಟ್ಟೆಪಾಡಿಗೆ ಹೋದ ಮನುಷ್ಯರ ಪದ. ಒಮ್ಮೆ ಅದು ‘ಹಾವಳಿ’, ‘ನಿರ್ಮೂಲನೆ’ಗಳ ಪಕ್ಕ ಕೂತರೆ ಮನುಷ್ಯರ ಮೇಲೂ ಅದೇ ಬಣ್ಣ ಹತ್ತುತ್ತದೆ.

ಇಂಟ್ರಡ್ಯೂಸ್ಡ್ ಎನ್ನುವುದಕ್ಕೆ ‘ಪರಿಚಯಿಸಿದ’ ಎಂದು ಬರೆಯುವವರಿದ್ದಾರೆ. ಕೆರೆಗೆ ಮೀನನ್ನು ಯಾರೂ ಪರಿಚಯಿಸುವುದಿಲ್ಲ, ಬಿಡುತ್ತಾರೆ. ‘ಕೆರೆಗೆ ಮೀನು ಬಿಟ್ಟಿದ್ದಾರೆ’ ಎಂಬುದು ಊರೂರಿನ ಮಾತು. ಆದ್ದರಿಂದ ‘ತಂದುಬಿಟ್ಟ’ ಎಂಬುದನ್ನೇ ವಿಶೇಷಣ ಮಾಡಿಕೊಂಡಿದ್ದೇನೆ. ಮೆಲ್ಬರ್ನಿನವರು 1862ರಲ್ಲಿ ತರಕಾರಿ ತೋಟದ ಹುಳು ತಿನ್ನಲೆಂದು ನಮ್ಮ ಗೊರವಂಕಗಳನ್ನು ತಂದುಬಿಟ್ಟರು. ಜಮೈಕಾದವರು 1872ರಲ್ಲಿ ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು ಕಲ್ಕತ್ತೆಯಿಂದ ಮುಂಗುಸಿ ತರಿಸಿ ಬಿಟ್ಟರು. ಕ್ವೀನ್ಸ್‌ಲ್ಯಾಂಡಿನವರು 1935ರಲ್ಲಿ ಕಬ್ಬಿನ ದುಂಬಿ ತಿನ್ನಲೆಂದು ಹವಾಯಿಯಿಂದ ದೊಡ್ಡ ನೆಲಗಪ್ಪೆ ತಂದುಬಿಟ್ಟರು. ಕಪ್ಪೆ ದುಂಬಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದಿತು. ‘ಬಿಟ್ಟ’ ಎಂಬಲ್ಲಿ ಬಿಟ್ಟವರ ಹೊಣೆಯೂ ಕಾಣುತ್ತದೆ ಎಂಬ ಕಾರಣಕ್ಕೆ ನನಗೆ ಇದು ಮೆಚ್ಚಿಗೆ. ಪ್ರಾಣಿ ತಾನಾಗಿ ದಂಡೆತ್ತಿ ಬಂದಿಲ್ಲ.

ಇನ್ನು ನ್ಯಾಚುರಲೈಸ್ಡ್. ನನ್ನನ್ನು ಬಹಳ ಕಾಡಿದ್ದು ಇದೇ. ‘ಒಗ್ಗಿಕೊಂಡ’ ಎಂದು ಬರೆಯುವುದು ರೂಢಿ. ಆದರೆ ಒಗ್ಗುವುದು ಮೈಗೆ ಸಂಬಂಧಿಸಿದ್ದು: ಈ ನೀರು ಒಗ್ಗಲಿಲ್ಲ, ಆ ಹವೆ ಒಗ್ಗಿತು. ಪಂಜರದಲ್ಲಿರುವ ಒಂಟಿ ಗಿಳಿಯೂ ಲಂಡನ್ನಿನ ಹವೆಗೆ ಒಗ್ಗಬಹುದು, ಅಷ್ಟಕ್ಕೇ ಅದು ಅಲ್ಲಿಯದಾಗುವುದಿಲ್ಲ. 1861ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹೊರಗಿನ ಪ್ರಾಣಿ, ಹಕ್ಕಿಗಳನ್ನು ತರಿಸಿ ಅಲ್ಲಿನ ಹವೆಗೆ ಒಗ್ಗಿಸಲೆಂದೇ ಒಂದು ಸಂಘ ಕಟ್ಟಿದ್ದರು. ಅಂಥವರ ಪ್ರಯತ್ನಕ್ಕೆ ‘ಒಗ್ಗಿಸು’ ಒಪ್ಪುತ್ತದೆ. ಒಗ್ಗಿದ ಮೇಲೆ ಜೋಡಿಯಾಗಿ, ಗೂಡು ಕಟ್ಟಿ, ಮರಿಗಳು ತಾವೇ ಮರಿ ಮಾಡಿದರೆ ಆಗ ಬೇರೆ ಪದ ಬೇಕು.

‘ಬೀಡುಬಿಟ್ಟ’ ಎಂದರೆ ಆಗುವುದಿಲ್ಲ. ಹಾಸನ, ಕೊಡಗಿನ ಸುದ್ದಿಗಳಲ್ಲಿ ಕಾಡಾನೆಗಳು ದಿನವೂ ಬೀಡುಬಿಡುತ್ತವೆ, ನಾಲ್ಕು ದಿನ ಬಿಟ್ಟು ಎದ್ದು ಹೋಗುತ್ತವೆ. ‘ಠಿಕಾಣಿ ಹೂಡಿದ’ ಎಂದರೆ ಎಬ್ಬಿಸಿ ಕಳಿಸಬೇಕು ಎಂಬ ಸಿಡುಕು ಅದರಲ್ಲೇ ಇದೆ. ‘ಬೇರೂರಿದ’ ಗಿಡಕ್ಕಾದರೆ ಚೆಂದ, ಕಾಲಿದ್ದ ಪ್ರಾಣಿಗೆ ಅಷ್ಟು ಒಪ್ಪದು. ‘ನೆಲೆನಿಂತ’, ‘ನೆಲೆಯೂರಿದ’ ಎರಡೂ ಚೆನ್ನಾಗಿವೆ, ತಕರಾರಿಲ್ಲ. ಆದರೂ ನನ್ನ ಮನಸ್ಸು ವಾಲುತ್ತಿರುವುದು ‘ಒಕ್ಕಲಾದ’ ಎಂಬುದರ ಕಡೆಗೆ. ಹೊಸ ಊರಿಗೆ ಬಂದ ಮನೆತನ ಭೂಮಿ ಹಿಡಿದು, ಮಕ್ಕಳುಮರಿಯಾಗಿ, ಊರ ಲೆಕ್ಕಕ್ಕೆ ಸೇರುವುದನ್ನು ಒಕ್ಕಲಾಗುವುದು ಎನ್ನುತ್ತೇವೆ. ಒಕ್ಕಲಿಗೆ ಸಂಸಾರವಿದೆ, ತಲೆಮಾರಿದೆ. ‘ಲಂಡನ್ನಿನಲ್ಲಿ ಒಕ್ಕಲಾದ ಗಿಳಿ’ ಎಂದರೆ ಅದು ಅಲ್ಲಿ ಮರಿಮೊಮ್ಮರಿ ಕಂಡಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇದರ ಜೊತೆಗೇ ‘ಒಕ್ಕಲೆಬ್ಬಿಸು’ ಬರುತ್ತದೆ. ಸ್ಪೇನಿನ ಸೆವಿಲ್ಲಾ ನಗರದ ಮರಿಯಾ ಲೂಯಿಸಾ ಉದ್ಯಾನದಲ್ಲಿ ದೊಡ್ಡ ಮರಗಳ ಪೊಟರೆಗಳಲ್ಲಿ ಒಂದು ಅಪರೂಪದ ಬಾವಲಿ ವಾಸವಾಗಿತ್ತು. ಅಲ್ಲಿ ಒಕ್ಕಲಾದ ನಮ್ಮ ಗಿಳಿಗಳಿಗೂ ಗೂಡಿಗೆ ಪೊಟರೆಯೇ ಬೇಕು. ಗಿಳಿಗಳು ಬಾವಲಿಗಳನ್ನು ಕಚ್ಚಿ, ಎಳೆದು, ಕೊಂದು ಪೊಟರೆ ಹಿಡಿದವು. 14 ವರ್ಷಗಳ ಅಂತರದಲ್ಲಿ ಬಾವಲಿ ಇದ್ದ ಮರಗಳ ಸಂಖ್ಯೆ ನೂರಕ್ಕೆ 81ರಷ್ಟು ಇಳಿದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ‘ಒಕ್ಕಲಾದ ಗಿಳಿ ಬಾವಲಿಯನ್ನು ಒಕ್ಕಲೆಬ್ಬಿಸಿತು’: ಇಡೀ ವಿಷಯ ಒಂದೇ ಧಾತುವಿನಲ್ಲಿ ಬಂತು. ಒಂದೇ ಅಳುಕು, ಒಕ್ಕಲು ಎಂಬುದು ಮನುಷ್ಯರ ಬದುಕಿನ, ಜಾತಿಯ ಸೂಚನೆಯೂ ಇರುವ ಪದ. ಪ್ರಾಣಿಗೆ ಬಳಸಿದರೆ ಯಾರಿಗಾದರೂ ನೋವಾದೀತೆ? ಹಳೆ ಮೈಸೂರಿನವರು, ಮಲೆನಾಡಿನವರು ಮುಚ್ಚುಮರೆಯಿಲ್ಲದೆ ಹೇಳಿ. ಉತ್ತರ ಕರ್ನಾಟಕದ ಕಡೆ ಈ ಅರ್ಥದಲ್ಲಿ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.

ಫೆರಲ್ ಎಂಬುದು ಇದಕ್ಕಿಂತ ಕಷ್ಟ. ಸಾಕಿದ ಪ್ರಾಣಿ ಮನುಷ್ಯನ ಕೈಬಿಟ್ಟು ಕಾಡಿನ ಬದುಕಿಗೆ ಬಿದ್ದದ್ದು ಅದು. ‘ಕಾಡು’ ಸೇರಿಸಿದರೆ ಮುಗಿಯಿತಲ್ಲ ಎನ್ನಬಹುದು, ಆದರೆ ಆ ಜಾಗಗಳೆಲ್ಲ ಭರ್ತಿಯಾಗಿವೆ. ಕಾಡುನಾಯಿ ಎಂದರೆ ಸೀಳುನಾಯಿ, ಕಾಡುಬೆಕ್ಕು ಬೇರೆಯದೇ ಪ್ರಾಣಿ, ಕಾಡುಕೋಣ ಎಂದರೆ ಕಾಟಿ. ‘ಬೀಡಾಡಿ ದನ’ ಎನ್ನುವಾಗ ಅದು ಇನ್ನೂ ಊರಿನ ರಸ್ತೆಯಲ್ಲೇ ಇದೆ, ಬೀದಿನಾಯಿಯೂ ಅಷ್ಟೆ.

ಎರಡು ಉದಾಹರಣೆ ಮುಂದಿಟ್ಟುಕೊಂಡು ಪದ ಹುಡುಕುತ್ತಿದ್ದೇನೆ. ಆಸ್ಟ್ರೇಲಿಯಾದ ಒಳನಾಡಿಗೆ ಸಾಮಾನು ಹೊರಲು 19ನೇ ಶತಮಾನದಲ್ಲಿ ಕರಾಚಿಯ ಕಡೆಯಿಂದ ಒಂಟೆಗಳನ್ನು ಒಯ್ದರು. 1920ರ ದಶಕದಲ್ಲಿ ಮೋಟಾರು ಲಾರಿ ಬಂದಮೇಲೆ ಅವು ಯಾರಿಗೂ ಬೇಡವಾದವು, ಮರುಭೂಮಿಯಲ್ಲಿ ಬಿಟ್ಟರು, ಅಲ್ಲೇ ಹೆಚ್ಚಿದವು. ಎರಡನೆಯದು ಮತ್ತೆ ಅಂಡಮಾನಿನದು. ಇಂಟರ್‌ವ್ಯೂ ದ್ವೀಪದಲ್ಲಿ ಮರದ ದಿಮ್ಮಿ ಎಳೆಯಲು ಒಂದು ಕಂಪನಿ ಆನೆಗಳನ್ನು ಇಟ್ಟುಕೊಂಡಿತ್ತು. ಕಂಪನಿ ಮುಳುಗಿತು, 1962ರಲ್ಲಿ ಸುಮಾರು 40 ಆನೆಗಳನ್ನು ದ್ವೀಪದಲ್ಲೇ ಬಿಟ್ಟು ಹೋದರು. ಮಾವುತನ ಮಾತು ಕೇಳಿ ಬೆಳೆದ ಆನೆಗಳು ಬೆತ್ತ, ಕೇದಗೆ, ಬಿದಿರು ಮೇಯುತ್ತ ತಮ್ಮಷ್ಟಕ್ಕೆ ಬದುಕಿದವು, ಮರಿಯನ್ನೂ ಹಾಕಿದವು. ಇವನ್ನು ‘ಕಾಡಾನೆ’ ಎಂದು ಬರೆದರೆ ಅವುಗಳ ಕಥೆಯೇ ಅಳಿಸಿಹೋಗುತ್ತದೆ. ‘ಬೀದಿಪಾಲಾದ’ ಎನ್ನುತ್ತೇವಲ್ಲ, ಅದೇ ಅಚ್ಚಿನಲ್ಲಿ ‘ಕಾಡುಪಾಲಾದ ಆನೆ’, ‘ಕಾಡುಪಾಲಾದ ಒಂಟೆ’ ಎನ್ನಬಹುದೇ? ಕೈಬಿಟ್ಟ ಮೊದಲ ತಲೆಮಾರಿಗೆ ಅದು ಹೇಳಿ ಮಾಡಿಸಿದಂತಿದೆ. ಆ ಕಾಡಿನಲ್ಲೇ ಹುಟ್ಟಿದ ಮೊಮ್ಮರಿಗೂ ಆ ಮರುಕದ ಪದವೇ ಬೇಕೇ ಎಂಬಲ್ಲಿ ನಿಂತಿದ್ದೇನೆ.

ಕೊನೆಗೆ ‘ಆಕ್ರಮಣಕಾರಿ’. ಕನ್ನಡದಲ್ಲಿ ಆಕ್ರಮಣಕಾರಿ ಪ್ರಾಣಿ ಎಂದರೆ ಮೈಮೇಲೆ ಎರಗುವಂಥದ್ದು, ಮದವೇರಿದ ಸಲಗದಂಥದ್ದು. ಈ ಹಣೆಪಟ್ಟಿ ಹೊತ್ತ ಜೀವಿಗಳಲ್ಲಿ ನಮ್ಮ ರೈತರನ್ನು ಹೆಚ್ಚು ಕಾಡುತ್ತಿರುವುದು ಯಾವುದು? ಬಸವನಹುಳು! ಪೂರ್ವ ಆಫ್ರಿಕಾದ ಈ ದೊಡ್ಡ ಹುಳು ಮಾರಿಷಸ್‌ಗೆ ಹೋಗಿ, ಅಲ್ಲಿಂದ 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಜೀವಿ ತಜ್ಞರ ಕೈಯಲ್ಲಿ ಕಲ್ಕತ್ತೆಗೆ ಬಂದು, ಚೌರಂಗಿಯ ಒಂದು ತೋಟ ಸೇರಿತು. ಅಲ್ಲಿಂದ ಹೊರಟದ್ದು ಇವತ್ತು ಕೊಡಗಿನ ಕಾಫಿ ತೋಟದವರೆಗೆ ಬಂದಿದೆ.

ಸೋಮವಾರಪೇಟೆ ಕಡೆಯ ತೋಟವೊಂದರಲ್ಲಿ ಅದನ್ನು ಹತ್ತಿರದಿಂದ ನೋಡಿದ್ದೇನೆ. ಹಗಲು ಒಂದೂ ಕಾಣದು. ಮಳೆ ನಿಂತ ಸಂಜೆ ದರಗಿನ ಅಡಿಯಿಂದ ಒಂದೊಂದೇ ಹೊರಬಿದ್ದು, ಅಂಗೈಯುದ್ದದ ಕಂದುಪಟ್ಟೆಯ ಚಿಪ್ಪು ಹೊತ್ತುಕೊಂಡು ಕಾಫಿ ಗಿಡದ ಕಾಂಡ ಏರುತ್ತವೆ. ಏರಿದ ದಾರಿಯುದ್ದಕ್ಕೂ ಒಣಗಿದ ಅಂಟು ಹೊಳೆಯುತ್ತದೆ. ಗಂಡು, ಹೆಣ್ಣು ಎರಡೂ ಒಂದೇ ಮೈಯಲ್ಲಿ. ಒಂದು ಸಲಕ್ಕೆ ನೂರಾರು ಮೊಟ್ಟೆ. ಕೆಲಸದವರು ಒದ್ದೆ ಗೋಣಿಚೀಲ, ಪರಂಗಿ ಎಲೆ ಹಾಸಿಟ್ಟು, ಬೆಳಗ್ಗೆ ಅದರಡಿ ಸೇರಿದ್ದನ್ನು ಬಕೆಟ್ಟಿಗೆ ಬಳಿದು ಉಪ್ಪಿಗೆ ಹಾಕುತ್ತಾರೆ. ತೋಟದ ಹಿರಿಯರು ಹೇಳಿದ್ದು ಇಷ್ಟೆ: “ಈ ಸಲ ಶಂಖುಹುಳ ಎದ್ದುಬಿಟ್ಟಿದೆ ಸಾರ್.” ಆಕ್ರಮಣ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ.

ಕನ್ನಡದ ಕ್ರಿಯಾಪದಗಳು ಇಲ್ಲಿ ಎಷ್ಟು ಸಮೃದ್ಧವಾಗಿವೆ ನೋಡಿ. ಬೆಳೆಗೆ ಹುಳ ಬೀಳುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ, ಗದ್ದೆಯಲ್ಲಿ ಇಲಿ ಏಳುತ್ತವೆ, ಕಳೆ ಹಬ್ಬುತ್ತದೆ, ಮಿಡತೆ ಮುತ್ತುತ್ತವೆ. ಎಲ್ಲಕ್ಕೂ ಸೇರಿ ನಾಮಪದ ಬೇಕೆಂದರೆ ‘ಹಾವಳಿ’ ಇದೆ. ‘ಹೊರನೆಲದ ಹಾವಳಿ ಜೀವಿ’ ಎಂದು ಒಂದು ಕಡೆ ಬರೆದಿದ್ದೇನೆ. ಆದರೆ ಹಾವಳಿ ಎಂದರೆ ಮನುಷ್ಯರಿಗೆ ತಟ್ಟುವ ತೊಂದರೆಯೇ ಮೊದಲು ನೆನಪಾಗುತ್ತದೆ. ಗುವಾಮ್ ದ್ವೀಪಕ್ಕೆ ಎರಡನೇ ಮಹಾಯುದ್ಧದ ನಂತರ ಸೇನೆಯ ಸಾಮಾನಿನ ಜೊತೆ ಒಂದು ಕಂದು ಮರಹಾವು ಬಂದು ಸೇರಿತು. ಅದು ಯಾರ ಬೆಳೆಯನ್ನೂ ತಿನ್ನಲಿಲ್ಲ, ಆ ದ್ವೀಪದ 12 ಬಗೆಯ ಕಾಡುಹಕ್ಕಿಗಳಲ್ಲಿ 10 ಅಲ್ಲಿಂದ ಇಲ್ಲವಾದವು. ಇದಕ್ಕೆ ಹಾವಳಿ ಎಂಬುದು ತೀರಾ ಹಗುರ. ‘ಹಬ್ಬಿ ಕೆಡಿಸುವ ಜೀವಿ’ ಎಂದು ಬಿಡಿಸಿಯೇ ಬರೆಯುವುದು ಮೇಲೆನಿಸುತ್ತದೆ, ಉದ್ದವಾದರೂ ಚಿಂತೆಯಿಲ್ಲ. ಜಗತ್ತಿನಲ್ಲಿ ಹೀಗೆ ಅತಿ ಹೆಚ್ಚು ಕೆಡಿಸಿದ 100 ಹೊರನೆಲದ ಜೀವಿಗಳೆಂದು ಪರಿಣತರು ಮಾಡಿದ ಪ್ರಸಿದ್ಧ ಪಟ್ಟಿಯಲ್ಲಿ ಹಕ್ಕಿಗಳು ಮೂರೇ ಮೂರು. ಅದರಲ್ಲಿ ಎರಡು ನಮ್ಮ ಗೊರವಂಕ, ನಮ್ಮ ಪಿಕಳಾರ. ನಮ್ಮ ಅಂಗಳದ ಊರುಕಾಗೆಯನ್ನು ಹತೋಟಿಗೆ ತರಲು ಕೀನ್ಯಾ ಸರ್ಕಾರ 2024ರಲ್ಲಿ 10 ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆ ಪ್ರಕಟಿಸಿತು. ನಮ್ಮ ಮಕ್ಕಳಿಗೆ ಈ ಹಕ್ಕಿಗಳು ‘ಆಕ್ರಮಣಕಾರಿ’ ಎಂದು ಹೇಳಿದರೆ ನಂಬುವುದೂ ಇಲ್ಲ, ನಂಬಬೇಕಾಗಿಯೂ ಇಲ್ಲ. ಅದೇ ಹಕ್ಕಿ ತವರುನೆಲದಲ್ಲಿ ಹಿತ, ಹೊರನೆಲದಲ್ಲಿ ಕೇಡು ಎಂಬುದನ್ನು ಹೇಳಲು ಪದ ಬೇಕು, ಹಕ್ಕಿಯ ಸ್ವಭಾವಕ್ಕೆ ಮಸಿ ಬಳಿಯುವ ಪದವಲ್ಲ.

ಜನ ಇಟ್ಟ ಹೆಸರುಗಳನ್ನೂ ಕೂಡಿಹಾಕುತ್ತಿದ್ದೇನೆ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾವನ್ನು ಕನ್ನಂಬಾಡಿ ಕಡೆ ‘ಜಿಲೇಬಿ ಮೀನು’ ಎನ್ನುತ್ತಾರೆ. ತಾಯಿಮೀನು ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುವುದರಿಂದ ಯಾವ ಕೆರೆಗೆ ಬಿಟ್ಟರೂ ಬೇಗ ಒಕ್ಕಲಾಗುತ್ತದೆ. ಸೊಳ್ಳೆಮರಿ ತಿನ್ನಲೆಂದು ಬಾವಿ, ತೊಟ್ಟಿಗಳಿಗೆ ಬಿಡುವ ಗ್ಯಾಂಬೂಸಿಯಾ, ಗಪ್ಪಿಗಳನ್ನು ಆರೋಗ್ಯ ಇಲಾಖೆ ‘ಲಾರ್ವಾಹಾರಿ ಮೀನು’ ಎನ್ನುತ್ತದೆ. ಅಮೆರಿಕ ಖಂಡದ ಮುಳ್ಳುಮರ ನಮ್ಮಲ್ಲಿ ‘ಬಳ್ಳಾರಿ ಜಾಲಿ’ಯೇ ಆಗಿಹೋಯಿತು. ಸಾಕುವುದನ್ನೇ ನಿಷೇಧಿಸಿರುವ ಆಫ್ರಿಕಾದ ಕ್ಯಾಟ್‌ಫಿಶ್‌ಗೆ ತಮ್ಮೂರ ಮೀನು ಮಾರುವವರು ಏನೆನ್ನುತ್ತಾರೆ? ತೊಟ್ಟಿಯಲ್ಲಿ ಸಾಕಿ ಬೇಸರವಾದ ಮೇಲೆ ಕೆರೆಗೆ ಬಿಡುವ, ಕಣ್ಣಿನ ಹಿಂದೆ ಕೆಂಪು ಗೆರೆಯಿರುವ ಆಮೆಗೆ ಹೆಸರೇನಾದರೂ ಬಿದ್ದಿದೆಯೇ? ಜಿಲ್ಲೆ, ತಾಲ್ಲೂಕು ಸೇರಿಸಿ ಬರೆದರೆ ಉಪಕಾರ.

ಆಷಾಢ ಮುಗಿಯುವುದರೊಳಗೆ ಕರಡನ್ನು ಒಪ್ಪಿಸಬೇಕಿದೆ. ‘ಒಕ್ಕಲಾದ’ ಮತ್ತು ‘ಕಾಡುಪಾಲಾದ’ ಈ ಎರಡರ ಬಗ್ಗೆ ಬೇಡ ಎನ್ನುವವರು ಮೊದಲು ಬರೆಯಿರಿ. ಹೌದೆನ್ನುವವರಿಗಿಂತ ಅವರ ಕಾರಣಗಳು ನನಗೆ ಈಗ ಹೆಚ್ಚು ಬೇಕಾಗಿವೆ.

ವಂದನೆಗಳೊಂದಿಗೆ.